ಕೊಯ್ಲಿನ ಕಾಲದಲ್ಲಿ ಗ್ರಾಮಸಭೆ: ಒಂದು ಕಾಲುಸಂಕದ ಅನುಭವ

ಹೊಸನಗರ ತಾಲ್ಲೂಕಿನ ನಮ್ಮ ಪಂಚಾಯಿತಿಯಲ್ಲಿ ಸದಸ್ಯನಾಗಿದ್ದಾಗ ನಾನು ಕೈಗೆತ್ತಿಕೊಂಡ ಕೆಲಸಗಳಲ್ಲಿ ಹೆಚ್ಚು ಓಡಾಡಿಸಿದ್ದು ಒಂದು ಕಾಲುಸಂಕ, ಅಂದರೆ ಹಳ್ಳ ದಾಟುವ ಕಿರುಸೇತುವೆ. ಹಳ್ಳದಾಚೆಯ ಮಜರೆಯ ಮಕ್ಕಳು ಮಳೆಗಾಲವಿಡೀ ಅಡಿಕೆ ದಬ್ಬೆ ಜೋಡಿಸಿ ಕಟ್ಟಿದ ಸಂಕದ ಮೇಲೆ ಶಾಲೆಗೆ ಬರುತ್ತಿದ್ದರು. ಆಷಾಢದ ಹೊತ್ತಿಗೆ ದಬ್ಬೆ ಪಾಚಿಗಟ್ಟಿ ಜಾರುತ್ತಿತ್ತು. ಹಳ್ಳ ಉಕ್ಕಿದ ದಿನ ಅವರಿಗೆ ಶಾಲೆಯೇ ಇಲ್ಲ. ಗಟ್ಟಿ ಸಂಕ ಬೇಕೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ.

ತೊಡಕಿದ್ದದ್ದು ಜಾಗದ್ದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಊರು ಮುಳುಗಿ ಎದ್ದು ಬಂದವರ ಮನೆಗಳೇ ಆಚೆ ದಡದಲ್ಲಿ ಹೆಚ್ಚು, ಮತ್ತು ಆ ದಡ ಇಂದಿಗೂ ದಾಖಲೆಯಲ್ಲಿ ಅರಣ್ಯ. 2006ರ ಅರಣ್ಯ ಹಕ್ಕು ಕಾಯ್ದೆಯ ಕಲಂ 3(2)ರಂತೆ ರಸ್ತೆ, ಶಾಲೆ, ಅಂಗನವಾಡಿಯಂಥ ಸೌಕರ್ಯಕ್ಕೆ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯಭೂಮಿಯನ್ನು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯದೆ ಬಳಸಬಹುದು. ಆದರೆ ಅದಕ್ಕೆ ಗ್ರಾಮಸಭೆಯ ಶಿಫಾರಸು ಬೇಕು, ಆ ಸಭೆಯಲ್ಲಿ ಅರ್ಧದಷ್ಟು ಸದಸ್ಯರು ಹಾಜರಿರಬೇಕು. ಬಯಲುಸೀಮೆಯಲ್ಲಿ ಡಂಗುರ ಸಾರಿದರೆ ಊರು ಕಟ್ಟೆಯ ಮೇಲೆ ಸೇರುತ್ತದೆ. ನಮ್ಮಲ್ಲಿ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗಲು ತೋಟ ಇಳಿದು ಗುಡ್ಡ ಹತ್ತಬೇಕು, ಮೊಬೈಲಿಗೆ ಸಿಗ್ನಲ್ ಸಿಗುವುದು ಗುಡ್ಡದ ನೆತ್ತಿಯಲ್ಲಿ ಮಾತ್ರ.

ಎರಡು ಸಭೆಗಳು ಕೋರಂ ಇಲ್ಲದೆ ಮುಂದೆ ಹೋದವು. ಜನರಿಗೆ ಆಸಕ್ತಿಯಿಲ್ಲವೆಂದು ಕಚೇರಿಗಳಲ್ಲಿ ಹೇಳುವುದುಂಟು. ನಾನು ಅದನ್ನು ಒಪ್ಪುವುದಿಲ್ಲ. ಕ್ರಿಯಾಯೋಜನೆಯ ಗ್ರಾಮಸಭೆಗಳು ಶುರುವಾಗುವ ಅಕ್ಟೋಬರಿನಲ್ಲೇ ಅಡಿಕೆ ಕೊಯ್ಲೂ ಶುರುವಾಗುತ್ತದೆ. ಕಾರಣ ತಿಳಿಯಲು ನಾನು ರಾತ್ರಿ ಅಡಿಕೆ ಸುಲಿಯುವ ಮನೆಗಳಿಗೆ ಹೋಗತೊಡಗಿದೆ. ಸಾಲಾಗಿ ಇಟ್ಟ ಮೆಟ್ಟುಗತ್ತಿಗಳ ಮುಂದೆ ಹೆಂಗಸರು ಕೂತು, ತಲೆಯೆತ್ತದೆ ಸುಲಿದು ಡಬ್ಬಕ್ಕೆ ಹಾಕುತ್ತಾರೆ. ಕೂಲಿಯೂ ಡಬ್ಬದ ಲೆಕ್ಕದಲ್ಲೇ. "ಹಗಲು ಹೊತ್ತು ಸಭೆ ಇಟ್ರೆ ನಮ್ಮ ಡಬ್ಬ ಯಾರು ತುಂಬ್ತಾರೆ ಮಾರಾಯ್ರೆ?" ಎಂದು ಒಬ್ಬರು ಕೇಳಿದರು. ಅಭಿವೃದ್ಧಿ ಅಧಿಕಾರಿಯವರನ್ನು ಒಪ್ಪಿಸಿ, ಮುಂದಿನ ಸಭೆಯನ್ನು ಸಂಜೆ, ಆಚೆ ದಡದಲ್ಲಿ ಅಡಿಕೆ ಸುಲಿಯುವ ಒಂದು ಚಪ್ಪರದಲ್ಲಿ ನಡೆಸಿದೆವು. ಹಾಜರಿ ಪುಸ್ತಕ ಅರ್ಧ ದಾಟಿತು. ಸಹಿಗಳಲ್ಲಿ ಹೆಂಗಸರದೇ ಹೆಚ್ಚು.

ಹಣಕ್ಕೆ ಉದ್ಯೋಗ ಖಾತ್ರಿ ಯೋಜನೆಯನ್ನೇ ನೆಚ್ಚಿದೆವು. ಅದರಲ್ಲಿ ಕೂಲಿ ಮತ್ತು ಸಾಮಗ್ರಿಯ ಅನುಪಾತ 60:40 ಆಗಿರಬೇಕಿತ್ತು, ಸಂಕಕ್ಕೋ ಸಿಮೆಂಟು ಕಬ್ಬಿಣದ ಖರ್ಚೇ ಹೆಚ್ಚು. ಆದ್ದರಿಂದ ಕೂಲಿಯೇ ಪ್ರಧಾನವಾದ ಕೆರೆ ಹೂಳೆತ್ತುವ ಕೆಲಸವನ್ನು ಅದರ ಜೊತೆಗೆ ಸೇರಿಸಿ ಲೆಕ್ಕ ಸರಿದೂಗಿಸಬೇಕಾಯಿತು. ತೋಟದ ಕೂಲಿ ಖಾತ್ರಿಯ ಕೂಲಿಗಿಂತ ಹೆಚ್ಚಿದ್ದಾಗ ನಮೂನೆ 6 ತುಂಬಿ ಕೆಲಸ ಕೇಳುವವರು ಯಾರಿದ್ದರು? ಹಾಗಾಗಿ ಕೊಯ್ಲು ಮುಗಿದ ಮೇಲೆ, ಮಳೆ ಹಿಡಿಯುವ ಮುನ್ನ ಹೂಳೆತ್ತಿಸಿದೆವು. ಸಂಕವೂ ಅದೇ ಬೇಸಿಗೆಯಲ್ಲಿ ಮುಗಿಯಿತು; ಸಾಮಗ್ರಿಯ ಬಿಲ್ಲು ಮಾತ್ರ ಬಹಳ ತಡವಾಗಿ ಬಂತು.

ಸಂಕದ ಆಚೆಯ ಮನೆಗಳಿಗೆ ಹಕ್ಕುಪತ್ರ ಇನ್ನೂ ಸಿಕ್ಕಿಲ್ಲ. ಪರಿಶಿಷ್ಟ ಪಂಗಡಕ್ಕೆ ಸೇರದವರು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸಕ್ಕೆ ಸಾಕ್ಷ್ಯ ಕೊಡಬೇಕೆಂದು ಅದೇ ಕಾಯ್ದೆ ಕೇಳುತ್ತದೆ. ಸರ್ಕಾರದ ಅಣೆಕಟ್ಟಿಗಾಗಿಯೇ ಅರವತ್ತರ ದಶಕದಲ್ಲಿ ಇಲ್ಲಿಗೆ ಬಂದವರು ಆ ಸಾಕ್ಷ್ಯವನ್ನು ಎಲ್ಲಿಂದ ತರಬೇಕು? ಅವರ ಅರ್ಜಿಗಳ ಹಿಂದೆ ಈಗಲೂ ಓಡಾಡುತ್ತಿದ್ದೇನೆ.