ಎರಡು ಸ್ಟ್ರಿಪ್ ಬರೆದಿದ್ದರೆ ಎರಡನ್ನೂ ತನ್ನಿ: ಮುಟ್ಟು ನಿಲ್ಲುವ ಕಾಲದ ಹಾರ್ಮೋನ್ ಚಿಕಿತ್ಸೆ

ಹಾರ್ಮೋನ್ ಚಿಕಿತ್ಸೆಗೆಂದು ಡಾಕ್ಟರ ಹತ್ತಿರ ಹೊರಡುವ ಮುಂಚೆ ಒಂದು ಪ್ರಶ್ನೆಗೆ ಉತ್ತರ ಕೈಯಲ್ಲಿರಲಿ. ಗರ್ಭಕೋಶ ಇದೆಯೋ, ತೆಗೆಸಿದ್ದೋ? ತೆಗೆಸಿದ್ದರೆ ಅದರ ಜೊತೆ ಅಂಡಾಶಯಗಳೂ ಹೋದವೋ? ಹಾಸನ, ಚಿಕ್ಕಮಗಳೂರು ಕಡೆಯ ಹಳ್ಳಿಗಳಲ್ಲಿ ನಲವತ್ತು ತುಂಬುವ ಮೊದಲೇ ಆಪರೇಷನ್ ಆದವರು ಅಪರೂಪವಲ್ಲ. ಆದರೆ ಒಳಗೆ ಏನೇನು ತೆಗೆದರು ಎಂದು ಕೇಳಿದರೆ ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ. ಬೀರುವಿನಲ್ಲಿರುವ ಹಳೆ ಫೈಲು ತೆಗೆದು ಡಿಸ್ಚಾರ್ಜ್ ಸಮರಿ ನೋಡಿ. ‘ಟಿ.ಎ.ಎಚ್.’ ಅಥವಾ ‘ವಿ.ಎಚ್.’ ಎಂದಷ್ಟೇ ಇದ್ದರೆ ಗರ್ಭಕೋಶ ಮಾತ್ರ ತೆಗೆದಿದ್ದಾರೆ. ಅದರ ಪಕ್ಕದಲ್ಲಿ ‘ಬಿ.ಎಸ್.ಒ.’ ಎಂದಿದ್ದರೆ ಎರಡೂ ಅಂಡಾಶಯ ಹೋಗಿವೆ. ಓದಲು ಬಾರದಿದ್ದರೆ ಫೈಲನ್ನೇ ಚೀಲಕ್ಕೆ ಹಾಕಿಕೊಂಡು ಹೋಗಿ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಚಿಕಿತ್ಸೆಯಲ್ಲಿ ಕೆಲಸ ಮಾಡುವ ಮುಖ್ಯ ಔಷಧಿ ಈಸ್ಟ್ರೋಜನ್. ಮೈ ಬಿಸಿಯೇರಿ ಬೆವರುವುದು, ನಿದ್ದೆ ಕೆಡುವುದು, ಮೂಳೆ ಸವೆಯುವುದು ಇವನ್ನೆಲ್ಲ ತಡೆಯುವುದು ಅದೇ. ಆದರೆ ಗರ್ಭಕೋಶ ಇರುವವರು ಅದೊಂದನ್ನೇ ತೆಗೆದುಕೊಂಡರೆ ಒಳಪದರ ದಪ್ಪವಾಗುತ್ತಾ ಹೋಗಿ, ಮುಂದೆ ಕ್ಯಾನ್ಸರಿಗೂ ತಿರುಗಬಹುದು. ಆ ಪದರವನ್ನು ಹಿಡಿತದಲ್ಲಿಡಲು ಪ್ರೊಜೆಸ್ಟರಾನ್ ಬೇಕು. ಗರ್ಭಕೋಶ ಇಲ್ಲದವರಿಗೆ ಸಾಮಾನ್ಯವಾಗಿ ಈಸ್ಟ್ರೋಜನ್ ಒಂದೇ ಸಾಕು. ಕೆಡುವುದು ಹೆಚ್ಚಾಗಿ ಮೆಡಿಕಲ್ ಶಾಪಿನ ಕೌಂಟರಿನಲ್ಲಿ: ಚೀಟಿಯಲ್ಲಿ ಎರಡು ಹೆಸರು, ಅಂಗಡಿಯಲ್ಲಿ ಒಂದು ಸ್ಟಾಕ್ ಇಲ್ಲ, ‘ಸದ್ಯಕ್ಕೆ ಒಂದು ಸಾಕು’ ಎಂದುಕೊಂಡು ಬರುತ್ತಾರೆ. ಪ್ರೊಜೆಸ್ಟರಾನ್ ಸಿಗದಿದ್ದರೆ ಡಾಕ್ಟರಿಗೆ ಫೋನ್ ಮಾಡಿ ಕೇಳಿ. ಈಸ್ಟ್ರೋಜನ್ ಒಂದನ್ನೇ ತಿಂಗಳುಗಟ್ಟಲೆ ಎಳೆಯಬೇಡಿ.

ಹನ್ನೆರಡು ತಿಂಗಳು ಸತತವಾಗಿ ಮುಟ್ಟಾಗದಿದ್ದರೆ ಮುಟ್ಟು ನಿಂತಿದೆ ಎಂದರ್ಥ. 45 ದಾಟಿದವರಿಗೆ ಅದನ್ನು ಗೊತ್ತುಮಾಡಲು ಎಫ್.ಎಸ್.ಎಚ್. (ಅಂಡಾಶಯಕ್ಕೆ ಕೆಲಸ ಹೇಳುವ ಹಾರ್ಮೋನ್) ರಕ್ತಪರೀಕ್ಷೆ ಸಾಮಾನ್ಯವಾಗಿ ಬೇಕಿಲ್ಲ, ಆ ದುಡ್ಡು ಉಳಿಸಿ. 60ರೊಳಗಿನವರಿಗೆ, ಮುಟ್ಟು ನಿಂತು ಹತ್ತು ವರ್ಷ ಆಗದವರಿಗೆ ಸಾಮಾನ್ಯವಾಗಿ ಚಿಕಿತ್ಸೆಯ ಲಾಭ ಅಪಾಯಕ್ಕಿಂತ ಹೆಚ್ಚು. 45ಕ್ಕೆ ಮೊದಲೇ ಎರಡೂ ಅಂಡಾಶಯ ತೆಗೆಸಿದವರ ವಿಷಯವೇ ಬೇರೆ. ಅಂಥವರಿಗೆ ಬೆವರಿನ ಕಾಟ ಇರಲಿ ಬಿಡಲಿ, ಮೂಳೆ ಮತ್ತು ಹೃದಯದ ಸಲುವಾಗಿಯೇ, ಬೇರೆ ಅಡ್ಡಿಯಿಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗಾದರೂ ಕೊಡುತ್ತಾರೆ.

ಸ್ತನ ಕ್ಯಾನ್ಸರ್ ಆದವರು, ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದವರು, ಪಾರ್ಶ್ವವಾಯು ಅಥವಾ ಹೃದಯಾಘಾತ ಆದವರು, ಲಿವರ್ ತೀವ್ರವಾಗಿ ಕೆಟ್ಟವರು ಹಾರ್ಮೋನ್ ಮಾತ್ರೆ ಶುರುಮಾಡಬಾರದು. ಕಾರಣ ಗೊತ್ತಿಲ್ಲದೆ ರಕ್ತ ಹೋಗುತ್ತಿದ್ದರೆ ಮೊದಲು ಅದರ ತಪಾಸಣೆ. ಮುಟ್ಟು ನಿಂತು ವರ್ಷವಾದ ಮೇಲೆ ರಕ್ತ ಕಂಡು, ಸ್ಕ್ಯಾನಿಂಗಿನಲ್ಲಿ ಒಳಪದರ 4 ಮಿ.ಮೀ.ಗಿಂತ ದಪ್ಪ ಇದ್ದರೆ ಬಯಾಪ್ಸಿ (ಪದರದ ಚೂರು ತೆಗೆದು ಪರೀಕ್ಷೆ) ಆಗಲೇಬೇಕು.

ಈ ಚಿಕಿತ್ಸೆಯಿಂದ ಸ್ತನ ಕ್ಯಾನ್ಸರ್ ಬರುತ್ತದೆಂಬ ಭಯ ಹುಟ್ಟಿದ್ದು 2002ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದರ ಒಂದು ಭಾಗವನ್ನು ಮಧ್ಯದಲ್ಲೇ ನಿಲ್ಲಿಸಿದಾಗ. ಅದರಲ್ಲಿದ್ದವರ ಸರಾಸರಿ ವಯಸ್ಸು 63. ಎರಡು ಹಾರ್ಮೋನ್ ಸೇರಿಸಿ ತೆಗೆದುಕೊಂಡವರಲ್ಲಿ ವರ್ಷಕ್ಕೆ 10,000 ಹೆಂಗಸರಿಗೆ ಸುಮಾರು 8 ಸ್ತನ ಕ್ಯಾನ್ಸರ್ ಹೆಚ್ಚಾಗಿ ಕಂಡವು. ಅಪಾಯ ಇದೆ, ಚಿಕ್ಕದು, ವರ್ಷ ಕಳೆದಂತೆ ಏರುತ್ತದೆ. ಅದಕ್ಕೇ ಪ್ರತಿ ವರ್ಷ ಮರುಲೆಕ್ಕ ಹಾಕಬೇಕು.

ಶುರುಮಾಡುವ ಮೊದಲು ಬಿ.ಪಿ., ತೂಕ, ಶುಗರ್, ಕೊಲೆಸ್ಟರಾಲ್, ಥೈರಾಯ್ಡ್, ಸ್ತನ ತಪಾಸಣೆ, ಮ್ಯಾಮೊಗ್ರಾಂ, ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿ. ಹಾಸನದ ಹಿಮ್ಸ್‌ನಂಥ ಆಸ್ಪತ್ರೆಗೆ ದೂರದಿಂದ ಬರುವವರು ಖಾಲಿ ಹೊಟ್ಟೆಯಲ್ಲಿ ಬಂದರೆ ರಕ್ತಪರೀಕ್ಷೆ ಅದೇ ದಿನ ಮುಗಿಯಬಹುದು. ರಾತ್ರಿ ಬೆವರಿನ ಜೊತೆ ಜ್ವರ, ಕೆಮ್ಮು ಇದ್ದು ತೂಕವೂ ಇಳಿಯುತ್ತಿದ್ದರೆ ಅದನ್ನು ಮುಟ್ಟಿನ ತಲೆಗೆ ಕಟ್ಟಬೇಡಿ, ಕ್ಷಯ ಇದೆಯೋ ಎಂದು ತಿಳಿಯಲು ಕಫ ಪರೀಕ್ಷೆ ಮಾಡಿಸಿ.

ಈಸ್ಟ್ರೋಜನ್ ಮಾತ್ರೆ ಸಾಮಾನ್ಯವಾಗಿ ದಿನಕ್ಕೆ 1 ಮಿ.ಗ್ರಾಂ.ನಿಂದ ಶುರು. ಬಿ.ಪಿ., ಶುಗರ್, ಮೈಗ್ರೇನ್ ಇರುವವರಿಗೆ, ದಪ್ಪ ಇರುವವರಿಗೆ ಜೆಲ್ ಒಳ್ಳೆಯದು. ಅದು ಚರ್ಮದ ಮೂಲಕ ನೇರ ರಕ್ತಕ್ಕೆ ಸೇರುವುದರಿಂದ ಮಾಮೂಲಿ ಪ್ರಮಾಣದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವನ್ನು ಏರಿಸುವುದಿಲ್ಲ. 0.06 ಶೇಕಡಾ ಜೆಲ್ಲಿನ 1.25 ಗ್ರಾಂನಲ್ಲಿ 0.75 ಮಿ.ಗ್ರಾಂ. ಔಷಧಿ ಇರುತ್ತದೆ. ಎಷ್ಟು ಹಚ್ಚಬೇಕೆಂದು ಚೀಟಿಯಲ್ಲಿ ಬರೆಸಿಕೊಳ್ಳಿ.

ಹಚ್ಚುವುದು ಹೀಗೆ. ಸ್ನಾನ ಮಾಡಿ ಮೈ ಚೆನ್ನಾಗಿ ಒರೆಸಿಕೊಳ್ಳಿ. ತೋಳಿನ ಹೊರಭಾಗಕ್ಕೋ ತೊಡೆಯ ಒಳಭಾಗಕ್ಕೋ ಅಗಲವಾಗಿ, ತೆಳ್ಳಗೆ ಸವರಿ. ಎಣ್ಣೆಯಂತೆ ತಿಕ್ಕುವುದು ಬೇಡ, ಸ್ತನಕ್ಕೆ ಹಚ್ಚಲೇಬಾರದು. ಐದು ನಿಮಿಷ ಆರಲು ಬಿಡಿ. ಮಲೆನಾಡಿನ ಮಳೆಗಾಲದಲ್ಲಿ ಇನ್ನೂ ಸ್ವಲ್ಪ ಹೊತ್ತು ಹಿಡಿದೀತು. ಅಂಟು ಹೋಗುವ ತನಕ ಕಾಯಿರಿ. ಕೈ ಸೋಪಿನಲ್ಲಿ ತೊಳೆಯಿರಿ. ಒಂದು ಗಂಟೆ ಆ ಜಾಗಕ್ಕೆ ನೀರು, ಕ್ರೀಮು ತಾಗದಿರಲಿ. ತೋಟದ ಕೆಲಸಕ್ಕೆ ಹೋಗುವವರು ಬೆಳಿಗ್ಗೆ ಅವಸರದಲ್ಲಿ ಹಚ್ಚಿ ಮೇಲೆ ತುಂಬುತೋಳಿನ ಅಂಗಿ ಎಳೆದುಕೊಂಡರೆ ಅರ್ಧ ಔಷಧಿ ಅಂಗಿಗೇ ಹೋಗುತ್ತದೆ. ಅಂಥವರು ಸಂಜೆ ಸ್ನಾನದ ಮೇಲೆ ಹಚ್ಚಲಿ. ಮೊಮ್ಮಗು ಪಕ್ಕದಲ್ಲಿ ಮಲಗುವುದಾದರೆ ತೊಡೆಗೆ ಹಚ್ಚಿ, ಆರಿದ ಮೇಲೆ ಬಟ್ಟೆ ಮುಚ್ಚಿರಲಿ. ಮಗುವಿನ ಮೈಗೆ ಅದು ತಾಗಬಾರದು.

ಪ್ರೊಜೆಸ್ಟರಾನ್ ಕ್ಯಾಪ್ಸೂಲ್ ಮುಟ್ಟು ಪೂರ್ತಿ ನಿಂತವರಿಗೆ ದಿನಾ ರಾತ್ರಿ 100 ಮಿ.ಗ್ರಾಂ. ಇನ್ನೂ ಹಿಂದೆಮುಂದೆ ಆಗುತ್ತಿರುವವರಿಗೆ ತಿಂಗಳಲ್ಲಿ 12ರಿಂದ 14 ದಿನ 200 ಮಿ.ಗ್ರಾಂ. ಇದು ಮಂಪರು ತರುತ್ತದೆ, ಆದ್ದರಿಂದ ಮಲಗುವಾಗಲೇ ನುಂಗಬೇಕು. ಬೆಳಿಗ್ಗೆ ನುಂಗಿ ತಲೆ ಸುತ್ತಿತೆಂದು ಬಿಟ್ಟುಬಿಡುವುದು ಇನ್ನೊಂದು ಸಾಮಾನ್ಯ ತಪ್ಪು.

ಬರೀ ಯೋನಿ ಒಣಗಿ ಉರಿ, ಪದೇಪದೇ ಮೂತ್ರದ ಸೋಂಕು ಇದ್ದರೆ ಹಾರ್ಮೋನ್ ಮಾತ್ರೆಯೇ ಬೇಡ. ಯೋನಿಯೊಳಗೆ ಹಚ್ಚುವ ಈಸ್ಟ್ರಿಯಾಲ್ (ಈಸ್ಟ್ರೋಜನ್‌ನದೇ ಒಂದು ಬಗೆ) ಕ್ರೀಮ್ ಮೊದಲ ಎರಡು ಮೂರು ವಾರ ದಿನಾ ರಾತ್ರಿ, ಆಮೇಲೆ ವಾರಕ್ಕೆ ಎರಡು ಸಲ ಸಾಕು. ಇದರ ಜೊತೆ ಪ್ರೊಜೆಸ್ಟರಾನ್ ಬೇಕಾಗುವುದಿಲ್ಲ. ಹೇಳಿಕೊಳ್ಳಲು ನಾಚಿ ವರ್ಷಗಟ್ಟಲೆ ನರಳುವವರಿದ್ದಾರೆ. ದಯವಿಟ್ಟು ಬಾಯಿಬಿಟ್ಟು ಹೇಳಿ.

ಹಾಸನಾಂಬೆ ದರ್ಶನಕ್ಕೋ ಮನೆಯ ಶುಭಕಾರ್ಯಕ್ಕೋ ಮುಟ್ಟು ಮುಂದೂಡುವ ಮಾತ್ರೆಯನ್ನು ಮೆಡಿಕಲ್‌ನಲ್ಲಿ ಕೇಳಿ ನುಂಗುವುದು ರೂಢಿ. ಅದೂ ಹಾರ್ಮೋನೇ. ಚಿಕಿತ್ಸೆಯಲ್ಲಿರುವವರು ಡಾಕ್ಟರನ್ನು ಕೇಳದೆ ಅದನ್ನು ಸೇರಿಸಬಾರದು. ಹಾಗೆಯೇ ಈ ಚಿಕಿತ್ಸೆ ಗರ್ಭ ತಡೆಯುವುದಿಲ್ಲ. ಕೊನೆಯ ಮುಟ್ಟಾದ ಮೇಲೆ 50ರೊಳಗಿನವರು ಎರಡು ವರ್ಷ, 50 ದಾಟಿದವರು ಒಂದು ವರ್ಷ ಬೇರೆ ಉಪಾಯ ಮುಂದುವರಿಸಬೇಕು.

ಬೆವರು ಕೆಲವೇ ವಾರಗಳಲ್ಲಿ ಕಡಿಮೆಯಾಗುತ್ತಾ ಬರುತ್ತದೆ, ಪೂರ್ತಿ ಫಲಕ್ಕೆ ಮೂರು ತಿಂಗಳು ಕೊಡಿ. ಆ ಮೂರು ತಿಂಗಳಲ್ಲಿ ಸ್ತನ ನೋವು, ಹೊಟ್ಟೆ ಉಬ್ಬರ, ಹನಿ ರಕ್ತ ಕಾಣಬಹುದು. ಆರು ತಿಂಗಳಾದರೂ ರಕ್ತ ನಿಲ್ಲದಿದ್ದರೆ, ಅಥವಾ ನಿಂತು ಮತ್ತೆ ಬಂದರೆ ಸ್ಕ್ಯಾನಿಂಗ್ ಆಗಲಿ. ಒಂದು ಕಾಲು ಮಾತ್ರ ಊದಿ ನೋಯುವುದು, ಎದೆನೋವು, ಉಸಿರುಗಟ್ಟುವುದು, ಮಾತು ತೊದಲುವುದು ಕಂಡರೆ ತಡಮಾಡದೆ 108ಕ್ಕೆ ಕರೆ ಮಾಡಿ. ಮೂಡಿಗೆರೆ, ಸಕಲೇಶಪುರದ ಮಳೆಗಾಲಕ್ಕೆ ಎರಡೂ ಔಷಧಿ ಒಂದು ತಿಂಗಳಿಗೆ ಹೆಚ್ಚಾಗಿ ತಂದಿಟ್ಟುಕೊಳ್ಳಿ. ದಾರಿ ಮುಚ್ಚಿ ಮಾತ್ರೆ ತಪ್ಪಿದರೆ ರಕ್ತ ಕಾಣಬಹುದು, ಅದು ಮಾತ್ರೆ ತಪ್ಪಿದ್ದಕ್ಕೋ ಬೇರೆ ರೋಗಕ್ಕೋ ಎಂದು ಗೊತ್ತುಮಾಡುವುದು ಡಾಕ್ಟರಿಗೂ ಕಷ್ಟ.