ಅಳಿವೆಯಲ್ಲಿ ಗಾಳ ಹಾಕುವ ಮುಂಚೆ ವಾಪಸ್ ಬರುವ ಹೊತ್ತು ನೋಡಿ

ದೊಡ್ಡ ಸರೋವರ, ಇಲ್ಲವೇ ನದಿ ಸಮುದ್ರ ಸೇರುವ ಅಳಿವೆ. ಸಣ್ಣ ದೋಣಿಯವರಿಗೆ ಒಳ್ಳೆ ಮೀನು ಸಿಗುವುದು ಇಲ್ಲೇ, ದೋಣಿ ಮಗುಚುವುದೂ ಇಲ್ಲೇ. ನಾನು ಕಣ್ಣಾರೆ ಕಂಡ ಎಡವಟ್ಟುಗಳಲ್ಲಿ ಮುಕ್ಕಾಲು ಪಾಲು ಆದದ್ದು ಹೋಗುವಾಗ ಅಲ್ಲ, ಬರುವಾಗ. ಬೆಳಿಗ್ಗೆ ನೀರು ಕನ್ನಡಿ ಹಾಗಿರುತ್ತದೆ, ಖುಷಿಯಾಗಿ ಹೊರಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಅದೇ ದಾರಿ ಬೇರೆಯೇ ಆಗಿರುತ್ತದೆ. ಅದಕ್ಕೇ ಇಲ್ಲಿ ಗಾಳ, ಎರೆಯ ಮಾತು ಕಮ್ಮಿ.

1. ವಾಪಸ್ ಬರುವ ಹೊತ್ತು ಮೊದಲು ಗೊತ್ತುಮಾಡಿ

ಅಳಿವೆಗೆ ಹೋಗುವುದಾದರೆ ಉಬ್ಬರ-ಇಳಿತದ ಪಟ್ಟಿ ನೋಡಿ. ಹೆಚ್ಚಿನ ಕಡೆ ನೀರು ಏರಲು ಸುಮಾರು 6 ಗಂಟೆ, ಇಳಿಯಲು ಇನ್ನೊಂದು 6 ಗಂಟೆ ಬೇಕು. ಈ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಲೆಕ್ಕ ಹಾಕಿ ನೋಡಿ: ಹೋದ ಭಾನುವಾರ ಉಬ್ಬರ ಇದ್ದ ಹೊತ್ತಿಗೆ ಈ ಭಾನುವಾರ ಹೆಚ್ಚುಕಮ್ಮಿ ಇಳಿತ ಇರುತ್ತದೆ. ‘ಹೋದ ವಾರ ಏನೂ ಆಗಲಿಲ್ಲ’ ಅನ್ನುವವರಿಗೆ ಇದು ಗೊತ್ತಿರುವುದಿಲ್ಲ.

ನೀರು ಒಂದೇ ವೇಗದಲ್ಲಿ ಇಳಿಯುವುದೂ ಇಲ್ಲ. ಒಟ್ಟು ಇಳಿತವನ್ನು 12 ಪಾಲು ಮಾಡಿದರೆ ಮೊದಲ ಗಂಟೆಯಲ್ಲಿ 1, ಎರಡನೆಯದರಲ್ಲಿ 2, ಆಮೇಲೆ 3, 3, 2, 1 ಅಂತ ಇಳಿಯುತ್ತದೆ. ಇದು ಅಂದಾಜಿನ ಲೆಕ್ಕ, ಆದರೆ ಕೆಲಸಕ್ಕೆ ಬರುತ್ತದೆ. ನಡುವಿನ ಎರಡು ಗಂಟೆಯಲ್ಲೇ ಅರ್ಧ ಇಳಿತ ಮುಗಿದಿರುತ್ತದೆ. ಆ ಎರಡು ಗಂಟೆ ಅಳಿವೆ ದಾಟಲೇಬೇಡಿ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ಸೆಳೆತ ಇನ್ನೂ ಜಾಸ್ತಿ. ಮೇಲ್ಗಡೆ ಜೋರು ಮಳೆ ಬಿದ್ದಿದ್ದರೆ, ಪಟ್ಟಿಯ ಪ್ರಕಾರ ಉಬ್ಬರ ಶುರುವಾಗಿ ಎಷ್ಟೋ ಹೊತ್ತಾದರೂ ನದಿ ನೀರು ಹೊರಕ್ಕೇ ಹರಿಯುತ್ತಿರುತ್ತದೆ.

ಸರೋವರದಲ್ಲಿ ಗಾಳಿಯನ್ನು ನೋಡಬೇಕು. ದಡದಿಂದ ನೀರಿನ ಕಡೆಗೆ ಗಾಳಿ ಬೀಸುತ್ತಿದ್ದರೆ ನೀವು ನಿಂತ ಜಾಗದಲ್ಲಿ ಅಲೆಯೇ ಕಾಣುವುದಿಲ್ಲ. ಒಳಗೆ ಹೋದಷ್ಟೂ ಅಲೆ ದೊಡ್ಡದಾಗುತ್ತದೆ, ಬರುವಾಗ ಗಾಳಿಗೆ ಎದುರಾಗಿ ಬರಬೇಕು. ಆಳ ಕಮ್ಮಿ ಇರುವ ದೊಡ್ಡ ಸರೋವರ ಇನ್ನೂ ಮೋಸ. ಉತ್ತರ ಅಮೆರಿಕದ ಈರಿ ಸರೋವರದ ಉದ್ದ 380 ಕಿಲೋಮೀಟರ್‌ಗಿಂತ ಜಾಸ್ತಿ, ಸರಾಸರಿ ಆಳ ಬರೀ 19 ಮೀಟರ್. ಅಂಥ ಕಡೆ ಗಾಳಿ ಎದ್ದ ಸ್ವಲ್ಪ ಹೊತ್ತಿಗೇ ಕಡಿದಾದ ಅಲೆಗಳು ಒಂದರ ಬೆನ್ನಿಗೆ ಒಂದು ಬರುತ್ತವೆ. ಒಂದು ಅಲೆ ಹತ್ತಿ ಇಳಿಯುವಷ್ಟರಲ್ಲಿ ಇನ್ನೊಂದು ದೋಣಿಯ ಮೂತಿಗೆ ಬಡಿಯುತ್ತದೆ.

ಎಲ್ಲಿಗೆ ಹೋಗುತ್ತೀರಿ, ಎಷ್ಟು ಗಂಟೆಗೆ ಬರುತ್ತೀರಿ ಅಂತ ದಡದಲ್ಲಿರುವ ಒಬ್ಬರಿಗೆ ಹೇಳಿ. ಇಂಧನ ಹೋಗಲು ಮೂರರಲ್ಲಿ ಒಂದು ಪಾಲು, ಬರಲು ಒಂದು ಪಾಲು, ಕೈಯಲ್ಲಿ ಒಂದು ಪಾಲು ಇರಲಿ.

2. ಲೈಫ್ ಜಾಕೆಟ್ ಹಾಕಿಕೊಳ್ಳಿ

ಸೀಟಿನ ಕೆಳಗೆ ತುರುಕಿಟ್ಟ ಜಾಕೆಟ್ ಇದ್ದೂ ಇಲ್ಲದ ಹಾಗೆ. ನೀರಿಗೆ ಬಿದ್ದ ಮೇಲೆ ಅದನ್ನು ತೊಡುವುದು ಆಗದ ಮಾತು. ಈಜು ಬರುತ್ತದೆ ಅನ್ನುವುದೂ ನೆಪ ಅಷ್ಟೇ. ತಣ್ಣನೆ ನೀರಿಗೆ ದಿಢೀರನೆ ಬಿದ್ದಾಗ ಮೊದಲ ಒಂದು ನಿಮಿಷ ಉಸಿರೇ ಹತೋಟಿಗೆ ಸಿಗುವುದಿಲ್ಲ, ಆಮೇಲೆ ಕೆಲವೇ ನಿಮಿಷಗಳಲ್ಲಿ ಕೈ ಬೆರಳು ಮಾತು ಕೇಳುವುದಿಲ್ಲ.

ಕೊಳ್ಳುವಾಗ ನ್ಯೂಟನ್ ಲೆಕ್ಕ ನೋಡಿ, ಅಂದರೆ ಜಾಕೆಟ್ ನಿಮ್ಮನ್ನು ಎಷ್ಟು ಬಲವಾಗಿ ತೇಲಿಸುತ್ತದೆ ಅನ್ನುವ ಅಳತೆ. 50 ನ್ಯೂಟನ್ನಿನದು ದಡದ ಹತ್ತಿರ ಈಜು ಬರುವವರಿಗೆ. ಅಳಿವೆಗೆ 150 ಇರಲಿ ಅನ್ನುವುದು ನನ್ನ ಹಟ. ಗಾಳಿ ಊದಿದ ಈಜುಕೊಳದ ಆಟಿಕೆಗಳನ್ನು, ಒತ್ತಿದರೆ ಚಪ್ಪಟೆಯಾಗಿ ಹಾಗೇ ಉಳಿಯುವ ಹಳೇ ಫೋಮಿನ ಜಾಕೆಟ್‌ಗಳನ್ನು ದೋಣಿಗೆ ತರಲೇಬೇಡಿ. ತಾನಾಗಿ ಉಬ್ಬುವ ಜಾಕೆಟ್ ಆದರೆ ಅದನ್ನು ಉಬ್ಬಿಸುವ ಗ್ಯಾಸ್ ಸಿಲಿಂಡರ್ ಬಿಗಿಯಾಗಿದೆಯಾ ಅಂತ ಪ್ರತಿ ಸಲ ತಿರುಗಿಸಿ ನೋಡಿ. ಕಾಲ ಸಂದಿಯ ಪಟ್ಟಿ ಕಟ್ಟಲು ಎಲ್ಲರಿಗೂ ನಾಚಿಕೆ. ಕಟ್ಟದಿದ್ದರೆ ನೀರಿನಲ್ಲಿ ಜಾಕೆಟ್ ಮೇಲೇಳುತ್ತದೆ, ನೀವು ಕೆಳಗೇ ಉಳಿಯುತ್ತೀರಿ.

ಉಳಿದದ್ದು: ನೀರು ಮೊಗೆಯುವ ಡಬ್ಬ, ಹುಟ್ಟು, ಚಾಕು, ಸೀಟಿ, ಟಾರ್ಚ್, ನೀರು ಹೋಗದ ಚೀಲದಲ್ಲಿ ಫೋನ್. ಎಂಜಿನ್ ಇದ್ದರೆ ಕಿಲ್ ಸ್ವಿಚ್ಚಿನ (ದಾರ ಕಳಚಿದರೆ ಎಂಜಿನ್ ನಿಲ್ಲಿಸುವ ಸ್ವಿಚ್ಚು) ದಾರ ನಿಮ್ಮ ಮೈಗೆ ಸಿಕ್ಕಿಸಿರಬೇಕು.

3. ಹೊರಗೆ ಹೋಗುವುದು

ಉಬ್ಬರದ ಕೊನೆಯಲ್ಲಿ ನೀರು ನಿಂತ ಹಾಗೆ ಕಾಣುವ ಹೊತ್ತು ಎಲ್ಲಕ್ಕಿಂತ ಒಳ್ಳೆಯದು. ಮೊದಲು ದಡದ ಎತ್ತರದ ಜಾಗದಲ್ಲಿ 15 ನಿಮಿಷ ಸುಮ್ನೆ ನಿಂತು ನೋಡಿ. ಬಿಳಿ ನೊರೆ ಎಲ್ಲಿ ಏಳುತ್ತಿದೆಯೋ ಅಲ್ಲಿ ಮರಳು ದಿಬ್ಬ ಇದೆ. ಮಳೆಗಾಲ ಕಳೆದ ಮೇಲೆ ದಿಬ್ಬ ಜಾಗ ಬದಲಿಸಿರಬಹುದು, ಹಳೇ ನೆನಪು ನಂಬಬೇಡಿ. ಅಲೆ ಬಂದರೆ ಮೂತಿ ಅದರ ಕಡೆಗೇ ಇರಲಿ. ಅಲೆಯ ತುದಿಗೆ ಬಂದಾಗ ವೇಗ ತಗ್ಗಿಸಿ, ಇಲ್ಲವಾದರೆ ದೋಣಿ ಎಗರಿ ಬೀಳುತ್ತದೆ.

4. ಲಂಗರು ಮೂತಿಯಿಂದಲೇ

ಎಂಜಿನ್ ಪಕ್ಕ ಕೂತವನು ಕೈಗೆ ಹತ್ತಿರ ಅಂತ ಹಿಂಬದಿಗೇ ಹಗ್ಗ ಕಟ್ಟಿಬಿಡುತ್ತಾನೆ. ಹಿಂಬದಿ ಚಪ್ಪಟೆ, ತಗ್ಗು, ಮೇಲೆ ಎಂಜಿನ್ ಭಾರ ಬೇರೆ. ಸೆಳೆತ ಹಗ್ಗವನ್ನು ಎಳೆದಾಗ ಹಿಂಬದಿ ಇನ್ನಷ್ಟು ತಗ್ಗುತ್ತದೆ, ನೀರು ಒಳಗೆ ನುಗ್ಗುತ್ತದೆ. ಒಂದು ದೋಣಿ ಹೀಗೆ ಮುಳುಗಿದ್ದನ್ನು ದಡದಿಂದ ನೋಡಿದ್ದೇನೆ. ಏನಾಯಿತು ಅಂತ ಒಳಗಿದ್ದವರಿಗೆ ಗೊತ್ತಾಗುವ ಮುಂಚೆಯೇ ಮುಗಿದಿತ್ತು. ಜನ ಬದುಕಿದರು, ಜಾಕೆಟ್ ಹಾಕಿದ್ದರು.

ಹಗ್ಗ ಆಳದ 5ರಿಂದ 7 ಪಟ್ಟು ಬಿಡಿ, ಲಂಗರಿನ ಹತ್ತಿರ ಎರಡು-ಮೂರು ಮೀಟರ್ ಸರಪಳಿ ಇರಲಿ. ಹಗ್ಗದ ದೋಣಿ ಕಡೆಯ ತುದಿಗೆ ಒಂದು ತೇಲುವ ಬುರುಡೆ ಕಟ್ಟಿಟ್ಟರೆ, ಲಂಗರು ಸಿಕ್ಕಿಕೊಂಡಾಗ ಹಗ್ಗ ಬಿಟ್ಟು ಹೊರಟುಬಿಡಬಹುದು. ಆಮೇಲೆ ಬಂದು ಎತ್ತಿಕೊಂಡರಾಯಿತು. ಸಿಮೆಂಟ್ ತುಂಬಿದ ಡಬ್ಬವನ್ನು ಲಂಗರು ಅನ್ನುವವರಿದ್ದಾರೆ. ಮರಳಿನ ಮೇಲೆ ಅದು ಜಾರುತ್ತಾ ಹೋಗುತ್ತದೆ ಅಷ್ಟೇ.

ಮೀನು ಬಿತ್ತು ಅಂತ ಎಲ್ಲರೂ ಒಂದೇ ಬದಿಗೆ ಎದ್ದು ನಿಲ್ಲಬೇಡಿ. ಮೂತ್ರಕ್ಕೂ ನಿಲ್ಲಬೇಡಿ, ಡಬ್ಬ ಇಟ್ಟುಕೊಳ್ಳಿ. ನಗು ಬರುತ್ತದೆ ಅಲ್ವಾ? ಅಂಚಿನಲ್ಲಿ ನಿಂತು ನೀರಿಗೆ ಬಿದ್ದವರಿದ್ದಾರೆ. ಗುಡುಗು ಕೇಳಿಸಿತೆಂದರೆ ಸಿಡಿಲು ನಿಮಗೆ ಹತ್ತಿರವೇ ಇದೆ ಅಂತ ಲೆಕ್ಕ. ಗಾಳದ ಕೋಲು ಮಲಗಿಸಿ, ದಡಕ್ಕೆ ನಡೆಯಿರಿ. ಕಾರ್ಬನ್ ಕೋಲಿನಲ್ಲಿ ಕರೆಂಟ್ ಹರಿಯುತ್ತದೆ. ಕೊನೆಯ ಗುಡುಗಾಗಿ 30 ನಿಮಿಷ ಕಳೆಯುವ ತನಕ ನೀರಿಗೆ ಇಳಿಯಬೇಡಿ.

5. ಒಳಗೆ ಬರುವುದು

ಜನ ಸೋಲುವುದು ಇಲ್ಲಿ. ಇಳಿತದ ನೀರು ಹೊರಗೆ ನುಗ್ಗುತ್ತಿರುತ್ತದೆ, ಸಮುದ್ರದ ಅಲೆ ಒಳಗೆ ಬರುತ್ತಿರುತ್ತದೆ. ಎರಡೂ ಎದುರಾದಾಗ ಅಲೆಗಳ ನಡುವಿನ ಅಂತರ ಕುಗ್ಗಿ, ಅಲೆ ಗೋಡೆ ಹಾಗೆ ಏಳುತ್ತದೆ. ದಿಬ್ಬದ ಮೇಲೆ ಆಳ ಕಮ್ಮಿಯಾದಾಗ ಮುರಿದು ಬೀಳುತ್ತದೆ. ಅಮೆರಿಕದ ಕೊಲಂಬಿಯಾ ನದಿಯ ಅಳಿವೆ ದಾಟಲು ದೊಡ್ಡ ಹಡಗುಗಳೇ ಆ ನೀರಿನ ದಾರಿ ಬಲ್ಲ ಅಲ್ಲಿಯ ಪೈಲಟ್‌ಗಳನ್ನು ಹತ್ತಿಸಿಕೊಳ್ಳುತ್ತವೆ. ನಮ್ಮದು ಸಣ್ಣ ದೋಣಿ.

ಇನ್ನೊಂದು ಮೋಸ ಇದೆ. ಸಮುದ್ರದ ಕಡೆಯಿಂದ ನಿಮಗೆ ಕಾಣುವುದು ಅಲೆಯ ಬೆನ್ನು ಮಾತ್ರ. ಬೆನ್ನು ನುಣ್ಣಗಿರುತ್ತದೆ. ಮುರಿಯುವ ಮುಖ ದಡದ ಕಡೆಗಿರುತ್ತದೆ. ‘ಅಷ್ಟೇನೂ ಇಲ್ಲ’ ಅಂತ ನುಗ್ಗುವವರು ಹೀಗೇ ಮೋಸ ಹೋಗುವುದು.

ಹಾಗಾಗಿ ಅಳಿವೆಯ ಹೊರಗೇ ನಿಲ್ಲಿ. ಸಾಮಾನೆಲ್ಲ ಕಟ್ಟಿ, ಭಾರ ಸ್ವಲ್ಪ ಹಿಂದಕ್ಕೆ ಇರಲಿ, ಮೂತಿ ಹಗುರಾಗಲಿ. ಎಲ್ಲರೂ ಕೆಳಗೆ ಕೂರಲಿ. ಹತ್ತು ನಿಮಿಷ ಅಲೆ ಎಣಿಸಿ. ದೊಡ್ಡ ಅಲೆಗಳು ಗುಂಪಾಗಿ ಬರುತ್ತವೆ, ಆಮೇಲೆ ಸ್ವಲ್ಪ ಹೊತ್ತು ಸಣ್ಣವು. ದೊಡ್ಡ ಗುಂಪಿನ ಕೊನೆಯ ಅಲೆ ದಾಟಿದ ಕೂಡಲೇ ಅದರ ಬೆನ್ನು ಹಿಡಿಯಿರಿ. ಆ ಅಲೆಯ ವೇಗವೇ ನಿಮ್ಮ ವೇಗ. ಜಾಸ್ತಿ ಓಡಿಸಿದರೆ ಅದರ ತುದಿ ದಾಟಿ ಕೆಳಗೆ ಜಾರುತ್ತೀರಿ. ಮೂತಿ ನೀರಿಗೆ ಚುಚ್ಚಿ, ಹಿಂಬದಿ ಪಕ್ಕಕ್ಕೆ ತಿರುಗಿ, ದೋಣಿ ಅಡ್ಡ ಬಿದ್ದು ಮಗುಚುತ್ತದೆ. ನಿಧಾನ ಮಾಡಿದರೆ ಹಿಂದಿನ ಅಲೆ ಬಂದು ಮೇಲೆ ಕೂರುತ್ತದೆ. ಕೈ ಎಂಜಿನ್ ಮೇಲೇ ಇರಲಿ. ದಿಬ್ಬದ ನಡುವೆ ಮನಸ್ಸು ಬದಲಿಸಿ ತಿರುಗಿಸಲು ಹೋಗಬೇಡಿ, ಆಗ ಪಕ್ಕ ಅಲೆಗೆ ಸಿಗುತ್ತದೆ.

ನಿಮ್ಮ ಎಂಜಿನ್ನಿಗೆ ಅಲೆಯ ಜೊತೆ ಓಡುವಷ್ಟು ತಾಕತ್ತಿಲ್ಲದಿದ್ದರೆ, ಅಥವಾ ಅನುಮಾನ ಬಂದರೆ, ಹೊರಗೇ ಕಾಯಿರಿ. ಇಳಿತ ಮುಗಿದು ನೀರು ಒಳಗೆ ಹರಿಯಲು ಶುರುವಾದರೆ ಅದೇ ಅಳಿವೆ ಬೇರೆ ಆಗುತ್ತದೆ. ಅದಕ್ಕೇ ಕುಡಿಯುವ ನೀರು, ತಿನ್ನಲು ಏನಾದರೂ ಜಾಸ್ತಿ ಇಟ್ಟಿರಬೇಕು. ಕತ್ತಲಾಗುತ್ತದೆ ಅಂತ ಅವಸರ ಮಾಡಬೇಡಿ. ದೋಣಿಯಲ್ಲಿ ಮಾತಾಡುವ ವಿಎಚ್‌ಎಫ್ ರೇಡಿಯೋ ಇದ್ದರೆ 16ನೇ ಚಾನೆಲ್‌ನಲ್ಲಿ ಸಹಾಯ ಕೇಳಿ.

ಮಗುಚಿಯೇ ಬಿಟ್ಟಿತು ಅನ್ನಿ. ದೋಣಿ ತೇಲುತ್ತಿದ್ದರೆ ಅದನ್ನು ಬಿಡಬೇಡಿ, ದಡ ಎಷ್ಟೇ ಹತ್ತಿರ ಕಂಡರೂ. ಹುಡುಕುವವರಿಗೆ ಕಾಣುವುದು ದೋಣಿ, ನಿಮ್ಮ ತಲೆಯಲ್ಲ.

6. ದಡ ಮುಟ್ಟಿದ ಮೇಲೆ

ಎಂಜಿನ್ನಿಗೆ ಸಿಹಿನೀರು ಬಿಟ್ಟು ತೊಳೆಯಿರಿ, ಹಗ್ಗ ಒಣಗಿಸಿ. ಅದಕ್ಕೂ ಮೊದಲು, ಹೊರಡುವಾಗ ಹೇಳಿ ಬಂದವರಿಗೆ ಫೋನ್ ಮಾಡಿ ‘ಬಂದೆ’ ಅನ್ನಿ. ಮೀನು ಆಮೇಲೆ ತೋರಿಸಬಹುದು.