350 ಕೋಟಿ ಜನರ ಕಾಯಿಲೆಗೆ ನಾಚಿಕೆ ಯಾಕೆ?

ನಾನು ಹಲ್ಲಿನ ಡಾಕ್ಟರ್. ಬಾಯಿ ತೆರೆಯುವ ಮುಂಚೆಯೇ "ತುಂಬಾ ಹಾಳಾಗಿದೆ, ಬೈಬೇಡಿ" ಅನ್ನುವವರು ಬಹಳ ಜನ. ಅವರಿಗೆ ನಾನು ಮೊದಲು ಒಂದು ಲೆಕ್ಕ ಹೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು 350 ಕೋಟಿ ಜನರಿಗೆ ಬಾಯಿಯ ಕಾಯಿಲೆ ಇದೆ. ಚಿಕಿತ್ಸೆಯಾಗದ ಹುಳುಕು ಇರುವವರು, ಹಾಲುಹಲ್ಲಿನ ಮಕ್ಕಳನ್ನು ಬಿಟ್ಟೇ, 200 ಕೋಟಿ. ವಸಡಿನ ರೋಗ ತೀವ್ರವಾಗಿರುವವರು 100 ಕೋಟಿ. ಇಷ್ಟು ಜನರೆಲ್ಲ ಸೋಮಾರಿಗಳಾಗಿರಲು ಸಾಧ್ಯವಿಲ್ಲ, ಅಲ್ವಾ? ನಾಚಿಕೆಪಟ್ಟವರು ಬರುವುದನ್ನೇ ಮುಂದೂಡುತ್ತಾರೆ, ನನಗೆ ಅದೇ ದೊಡ್ಡ ತಲೆನೋವು.

ವಸಡು ನೋಡುವಾಗ ರೋಗಿಯ ಕೈಗೆ ಕನ್ನಡಿ ಕೊಡುತ್ತೇನೆ. ಸಣ್ಣ ಅಳತೆಕಡ್ಡಿಯನ್ನು ಹಲ್ಲು ಮತ್ತು ವಸಡಿನ ನಡುವೆ ಮೆಲ್ಲಗೆ ಇಳಿಸಿ, ಎಷ್ಟು ಮಿಲಿಮೀಟರ್ ಹೋಯಿತು ಅನ್ನುವುದನ್ನು ಅವರಿಗೂ ಕೇಳುವಂತೆ ಹೇಳುತ್ತೇನೆ: ಎರಡು, ಮೂರು, ಎರಡು, ಐದು. ಮೂರರವರೆಗೆ ಸಾಮಾನ್ಯವಾಗಿ ಚಿಂತೆಯಿಲ್ಲ. ಐದು ಅಂದ ಕೂಡಲೇ ಕನ್ನಡಿ ಹತ್ತಿರ ಬರುತ್ತದೆ! ಒಂಚೂರೂ ನೋವಿಲ್ಲದೆ ಒಳಗೆ ಮೂಳೆ ಕರಗುತ್ತಿರಬಹುದು ಎಂದು ಆಗ ಹೇಳಿದರೆ ಅವರು ನಂಬುತ್ತಾರೆ. ಬ್ರಷ್ ಮಾಡುವಾಗ ರಕ್ತ ಬಂದರೆ ಆ ಜಾಗವನ್ನು ಬಿಟ್ಟು ಉಜ್ಜುವವರೇ ಜಾಸ್ತಿ, ಆದರೆ ಅಲ್ಲೇ ಕೊಳೆ ಕೂತಿರುವುದು, ಅಲ್ಲೇ ಮೃದುವಾದ ಬ್ರಷ್ ಹಿಡಿದು ವಸಡಿನ ಅಂಚಿಗೆ ಓರೆಯಾಗಿ ತಿಕ್ಕಬೇಕು. ಸಿಗರೇಟು ಸೇದುವವರಿಗೆ ರಕ್ತವೇ ಕಮ್ಮಿ ಬರುತ್ತದೆ, ರೋಗ ಮುಚ್ಚಿಹೋಗುತ್ತದೆ. ಸಕ್ಕರೆ ಕಾಯಿಲೆ ಇದೆಯಾ ಅಂತಲೂ ಕೇಳುತ್ತೇನೆ. ಅದು ಹತೋಟಿಯಲ್ಲಿಲ್ಲದಿದ್ದರೆ ವಸಡು ಬೇಗ ಕೆಡುತ್ತದೆ, ವಸಡು ಕೆಟ್ಟರೆ ಸಕ್ಕರೆಯನ್ನು ಹತೋಟಿಗೆ ತರುವುದೂ ಕಷ್ಟ.

ಹುಳುಕಿನ ವಿಷಯ ಬಂದಾಗ ಎಷ್ಟು ಸಿಹಿ ತಿಂತೀರಾ ಅನ್ನುವುದಕ್ಕಿಂತ ದಿನಕ್ಕೆ ಎಷ್ಟು ಸಲ ಅಂತ ಕೇಳುತ್ತೇನೆ. ಪ್ರತಿ ಸಲ ಸಕ್ಕರೆ ಬಾಯಿಗೆ ಬಿದ್ದಾಗ ಬ್ಯಾಕ್ಟೀರಿಯಾ ಅದನ್ನು ಆಮ್ಲ ಮಾಡುತ್ತವೆ, ಪಿಎಚ್ (ಆಮ್ಲದ ಅಳತೆ, ಇಳಿದಷ್ಟೂ ಆಮ್ಲ ಜಾಸ್ತಿ) ಸುಮಾರು 5.5ಕ್ಕಿಂತ ಇಳಿದರೆ ಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲ್‌ನಿಂದ ಖನಿಜ ಕರಗತೊಡಗುತ್ತದೆ, ಅದನ್ನು ಎಂಜಲು ಸರಿಪಡಿಸಲು ಅರ್ಧ ಗಂಟೆಗೂ ಹೆಚ್ಚು ಬೇಕಾಗಬಹುದು. ಅಷ್ಟರಲ್ಲಿ ಇನ್ನೊಂದು ಗುಟುಕು! ಒಂದೇ ಸಲ ಕುಡಿದು ಮುಗಿಸುವವರಿಗಿಂತ ಒಂದು ಬಾಟಲಿ ಜ್ಯೂಸನ್ನು ಇಡೀ ಮಧ್ಯಾಹ್ನ ಚಪ್ಪರಿಸುವವರ ಹಲ್ಲು ಬೇಗ ಹಾಳಾಗುವುದು ಇದಕ್ಕೇ.

ಹಲ್ಲಿನ ಮೇಲೆ ಹುಳುಕಿನ ಮೊದಲ ಗುರುತಾದ ಬಿಳಿ ಮಚ್ಚೆ ಮಾತ್ರ ಇದ್ದು ತೂತು ಬಿದ್ದಿಲ್ಲದಿದ್ದರೆ ನಾನು ಡ್ರಿಲ್ ಮುಟ್ಟುವುದಿಲ್ಲ. ಎನಾಮೆಲ್ ಗಟ್ಟಿಮಾಡುವ ಫ್ಲೋರೈಡ್ 1000ದಿಂದ 1500 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಇಷ್ಟು ಭಾಗ) ಇರುವ ಪೇಸ್ಟಿನಲ್ಲಿ ದಿನಕ್ಕೆ ಎರಡು ಸಲ ಉಜ್ಜಿದರೆ ಸಾಕು, ಅದರಲ್ಲೊಂದು ಮಲಗುವ ಮುಂಚೆ. ಉಜ್ಜಿದ ಮೇಲೆ ಉಗುಳಿ ಸಾಕು, ನೀರು ಮುಕ್ಕಳಿಸಿ ಫ್ಲೋರೈಡನ್ನು ತೊಳೆದುಹಾಕಬೇಡಿ. ಇದನ್ನು ಕೇಳಿ ಮುಖ ಸಿಂಡರಿಸದವರು ಅಪರೂಪ.

ವಸಡಿನವರನ್ನು ಕ್ಲೀನಿಂಗ್ ಆದ ಕೆಲವು ವಾರಗಳ ಮೇಲೆ ಮತ್ತೆ ಕರೆದು ಅಳೆಯುತ್ತೇನೆ, ಹಳೆ ಲೆಕ್ಕದ ಪಕ್ಕ ಹೊಸದನ್ನು ಬರೆದು ತೋರಿಸುತ್ತೇನೆ. ಐದು ಇದ್ದದ್ದು ಎಷ್ಟೋ ಸಲ ನಾಲ್ಕಕ್ಕೆ, ಮೂರಕ್ಕೆ ಬಂದಿರುತ್ತದೆ. ಕರಗಿದ ಮೂಳೆ ಮಾತ್ರ ಬಹುತೇಕ ವಾಪಸ್ ಬರುವುದಿಲ್ಲ. ಅದನ್ನೂ ಮುಚ್ಚಿಡದೆ ಹೇಳಿ, ಮುಂದಿನ ತಪಾಸಣೆಯ ದಿನವನ್ನು ಅಲ್ಲೇ ಬರೆಸಿ ಕಳಿಸುತ್ತೇನೆ.